ಕುರ್ಚಿ ನುಂಗೋ ಊರು

(ಗುಂಡ್ಲುಪೇಟೆಯ ಟೀ ಅಂಗಡಿ. ನಾಲ್ವರು, ಒಂದೇ ಪೇಪರು.)

ಯಜಮಾನ: ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಉಳಿಯಾಕಿಲ್ಲ ಕನ್ರಪ್ಪ. 2007ರಲ್ಲಿ ಕುಮಾರಸ್ವಾಮಿ ಬಂದ್ರು, ಅದೇ ವರ್ಷ ಕುರ್ಚಿ ಹೋಯ್ತು.

ಮೇಷ್ಟ್ರು: ನಿಜ, ನಿಜ.

ವ್ಯಾಪಾರಿ: ಮೇಷ್ಟ್ರೇ ಅಂದ್ಮೇಲೆ ಮುಗೀತು ಬುಡಿ!

ಹುಡುಗ: ಸಿದ್ದರಾಮಯ್ಯ 2013ರಲ್ಲೇ ಬಂದ್ರು. 2018ರವರೆಗೂ ಅಲ್ಲಾಡಲಿಲ್ವಲ್ಲ?

(ಎಲ್ಲರೂ ಯಜಮಾನರ ಮುಖ ನೋಡುತ್ತಾರೆ.)

ಯಜಮಾನ: 2018ರಲ್ಲಿ ಹೋಯ್ತಲ್ಲ!

ಮೇಷ್ಟ್ರು: ಐದು ವರ್ಷ ತಡವಾಯ್ತು, ಅಷ್ಟೆ.

ಹುಡುಗ: 2023ರಲ್ಲಿ ಮತ್ತೆ ಕುರ್ಚಿ ಸಿಕ್ತಲ್ಲ?

ಯಜಮಾನ: ಇವನ ಟೀ ದುಡ್ಡು ಯಾರು ಕೊಡೋದು?

ಮೇಷ್ಟ್ರು, ವ್ಯಾಪಾರಿ: ನಾವಲ್ಲಪ್ಪ!

ಹುಡುಗ: ...ಊರಲ್ಲೇ ಏನೋ ದೋಷ ಇರಬೇಕು ಬುಡಿ, ಯಜಮಾನ್ರೇ.

ಮೇಷ್ಟ್ರು (ಮೆಲ್ಲಗೆ): ನಂಗೂ ಒಳಗೊಳಗೇ ಅನುಮಾನ ಇತ್ತು. ಓದಿದ ಹುಡುಗನೂ ಒಪ್ಕಂಡ್ಮೇಲೆ ಹೋಯ್ತು!