ಉದ್ದ ತೋಳಿನ ಜೀಪು

ಹಳೆಯ ಮಹೀಂದ್ರ ಜೀಪಿನ ಎಕ್ಸೆಲ್ ಕಮಾನ್ ಪಟ್ಟಿಯ ಮೇಲೆ ನಿಂತಿರುತ್ತದೆ. ಭಾರಕ್ಕೆ ಅದು ಗಟ್ಟಿ. ಆದರೆ ಶಿರಹಟ್ಟಿ ಬಿಟ್ಟು ಮುಂಡರಗಿ ಮುಟ್ಟುವಷ್ಟರಲ್ಲಿ ಕೂತವರ ಬೆನ್ನೆಲುಬುಗಳನ್ನು ಒಂದೊಂದಾಗಿ ಎಣಿಸಿಕೊಡುತ್ತದೆ. ಇದಕ್ಕೆ ಮದ್ದು ಕಾಯಿಲ್ ಸ್ಪ್ರಿಂಗ್ ಮತ್ತು ಲಾಂಗ್ ಆರ್ಮ್, ಅಂದರೆ ಎಕ್ಸೆಲನ್ನು ಚಾಸಿಗೆ ಜೋಡಿಸುವ ಉದ್ದನೆಯ ತೋಳು. ತೋಳು ಗಿಡ್ಡವಿದ್ದರೆ ಗಾಲಿ ಏರಿಳಿದಾಗ ಎಕ್ಸೆಲ್ ಹಿಂದೆಮುಂದೆ ಜಗ್ಗುತ್ತದೆ. ಉದ್ದವಿದ್ದರೆ ಬಹುಮಟ್ಟಿಗೆ ನೆಟ್ಟಗೆ ಏರಿಳಿಯುತ್ತದೆ.

ಮನೆಯಂಗಳದಲ್ಲಿ ಕಟ್ಟುವವರು ಮೊದಲು ಟೇಪು ಹಿಡಿಯಬೇಕು, ಆಮೇಲೆ ವೆಲ್ಡಿಂಗ್ ಕಡ್ಡಿ. ರೂಢಿಯಲ್ಲಿರುವುದು ಉಲ್ಟಾ. ತೋಳಿಗೆ ದಪ್ಪ ಪೈಪು, ತುದಿಗಳಿಗೆ ರಬ್ಬರ್ ಬುಷ್. ಬ್ರ್ಯಾಕೆಟ್ಟಿಗೆ ಮೊದಲು ಬರೀ ಚುಕ್ಕೆ ವೆಲ್ಡಿಂಗ್. ಜಾಕಿನಿಂದ ಒಂದೊಂದೇ ಗಾಲಿ ಎತ್ತಿಳಿಸಿ, ಬ್ರೇಕ್ ಹೋಸ್ ಬಿಗಿಯುವುದೇ, ಪ್ರೊಪೆಲ್ಲರ್ ಶಾಫ್ಟ್ ತಗಲುವುದೇ ಎಂದು ನೋಡಿದ ಮೇಲೆಯೇ ಪೂರ್ತಿ ಬೆಸುಗೆ. ಚಾಸಿಯ ಕೆಳಗೆ ಬ್ರ್ಯಾಕೆಟ್ ಜೋತುಬಿದ್ದರೆ ಮಳೆಗಾಲದ ಲಕ್ಷ್ಮೇಶ್ವರದ ಎರೆಹೊಲದಲ್ಲಿ ಅದು ನೇಗಿಲಿನಂತೆ ಸಾಲು ಹೊಡೆಯುತ್ತದೆ. ಹೊಲದವನಿಗೆ ಪುಕ್ಕಟೆ ಉಳುಮೆ, ಜೀಪಿನವನಿಗೆ ಟ್ರ್ಯಾಕ್ಟರ್ ಬಾಡಿಗೆ.

ಪರೀಕ್ಷೆಗೆ ಕಪ್ಪತಗುಡ್ಡ ಹತ್ತುವಂತಿಲ್ಲ. 2019ರಿಂದ ಅದು ವನ್ಯಜೀವಿಧಾಮ. ಗದಗ-ಬೆಟಗೇರಿಯ ರಸ್ತೆಗೂ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿನ್ಯಾಸ ತಿದ್ದಲು ಬಿಡುವುದಿಲ್ಲ. ಉಳಿದದ್ದು ಸ್ವಂತ ಹೊಲ. ರಸ್ತೆಯೇ ಬೇಕೆಂಬವರಿಗೆ, 2020ರ ಥಾರ್‌ನ ಹಿಂಬದಿಗೆ ಕಂಪನಿಯೇ ಕಾಯಿಲ್ ಸ್ಪ್ರಿಂಗ್ ಕೂರಿಸಿದೆ.