ಮೊದಲ ದಿನದ ಶೂರರು

ಬಹುದಿನಗಳ ಸೈಕಲ್ ಯಾತ್ರೆಯ ಮೊದಲ ದಿನ ರಸ್ತೆಯ ಏರಿಗಿಂತ ಸವಾರರ ಹುಮ್ಮಸ್ಸಿನ ಏರೇ ಹೆಚ್ಚು ಅಪಾಯಕಾರಿ. ಅಮೆರಿಕದ ಅಯೋವಾ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ‘ರಾಗ್‌ಬ್ರೈ’ ಯಾತ್ರೆಯನ್ನೇ ನೋಡಿ. ಮಿಸೌರಿ ನದಿಯಲ್ಲಿ ಹಿಂದಿನ ಚಕ್ರಕ್ಕೆ ಸ್ನಾನ ಮಾಡಿಸಿ ಹೊರಡುವುದು ಅಲ್ಲಿನ ಸಂಪ್ರದಾಯ. ಮುಂದಿನ ಚಕ್ರದ ಸ್ನಾನ ವಾರದ ಕೊನೆಗೆ, ಮಿಸಿಸಿಪ್ಪಿಯಲ್ಲಿ. ಅಯೋವಾ ಎಂದರೆ ಬರೀ ಬಯಲು ಎಂದು ನಂಬಿ ಬಂದವರಿಗೆ, ಗಾಳಿ ತಂದು ರಾಶಿ ಹಾಕಿದ ಮಣ್ಣಿನ ಲೋಯೆಸ್ ಗುಡ್ಡಗಳು ಪಶ್ಚಿಮದಂಚಿನಲ್ಲೇ ಕಾದಿರುತ್ತವೆ. ಜೆರ್ಸಿ ಹೊಸದು, ಹೆಲ್ಮೆಟ್ ಹೊಸದು, ಗೆಳೆಯರೂ ಹೊಸಬರು. ಮಂಡಿ ಮಾತ್ರ ಹಳೆಯದು.

ಗುಂಪಿನಲ್ಲಿ ಹೋದರೆ ದಣಿವು ಕಡಿಮೆಯಲ್ಲವೇ ಎನ್ನಬಹುದು. ನಿಜ, ಮುಂದಿನವರ ಬೆನ್ನ ಮರೆಯಲ್ಲಿ ಎದುರುಗಾಳಿಯ ಹೊಡೆತ ತಗ್ಗುತ್ತದೆ. ಆದರೆ ಆ ಬೆನ್ನು ನಮಗಿಂತ ಬಲಶಾಲಿಯದಾದರೆ, ಉಳಿಸಿದ್ದನ್ನೆಲ್ಲ ಏದುಸಿರಿನ ರೂಪದಲ್ಲಿ ಬಡ್ಡಿಸಮೇತ ತೆರಬೇಕಾಗುತ್ತದೆ. ನಿಧಾನವಾಗಿ ಹೋದರೆ ಊರು ಮುಟ್ಟುವುದು ಯಾವಾಗ ಎಂಬ ಆತಂಕವೂ ಉಂಟು. ಆದರೆ ರಾಗ್‌ಬ್ರೈನ 1973ರ ಮೊದಲ ಯಾತ್ರೆಗೆ ಕ್ಲಾರೆನ್ಸ್ ಪಿಕಾರ್ಡ್ ಎಂಬ 83 ವರ್ಷದ ನಿವೃತ್ತ ರೈತರು ಹೆಂಗಸರ ಹಳೆಯ ಸೈಕಲ್ ತಂದು, ಬೇಸಗೆಯಲ್ಲೂ ಉಣ್ಣೆಯ ಒಳಉಡುಪು ತೊಟ್ಟು, ಸೂ ಸಿಟಿಯಿಂದ ಡಾವನ್‌ಪೋರ್ಟ್‌ವರೆಗೂ ತುಳಿದೇಬಿಟ್ಟರು! ಆದ್ದರಿಂದ ಮೊದಲ ದಿನ ನಿಮ್ಮನ್ನು ಹಿಂದಿಕ್ಕಿದವರಿಗೆ ನಗುನಗುತ್ತ ಕೈಬೀಸಿ. ಮೂರನೆಯ ದಿನ ಅವರೇ ಮಂಡಿಗೆ ಮುಲಾಮು ಕೇಳಿಕೊಂಡು ಬಂದಾರು.