ಪಾಟಿ ಎತ್ರಿ!

ನಮ್ಮ ಕಡೆ ಸ್ಲೇಟಿಗೆ ಪಾಟಿ ಅನ್ನುತ್ತೇವೆ. ಬಾಯಿಲೆಕ್ಕದ ಹೊತ್ತಿಗೆ ಮಾಸ್ತರರು ಲೆಕ್ಕ ಹೇಳಿ, ಟೇಬಲ್ಲಿಗೊಂದು ಏಟು ಹಾಕಿ "ಪಾಟಿ ಎತ್ರಿ!" ಅಂದರೆ ಸಾಕು, ಇಡೀ ವರ್ಗದ ಪಾಟಿಗಳು ತಲೆಯ ಮೇಲೆ ಏಳುತ್ತಿದ್ದವು. ಒಂದು ಸುತ್ತು ಕಣ್ಣಾಡಿಸಿದರೆ ಅವರಿಗೆ ಯಾರಿಗೆ ಬಂದಿದೆ, ಯಾರಿಗಿಲ್ಲ, ಯಾರು ಪಕ್ಕದವನ ಪಾಟಿಯನ್ನು ಅವನ ತಪ್ಪಿನ ಸಮೇತ ಇಳಿಸಿಕೊಂಡಿದ್ದಾರೆ ಎಲ್ಲ ಗೊತ್ತಾಗುತ್ತಿತ್ತು. ನಾನು ಈ ಮೂರನೇ ಪಂಗಡದವನು.

ಅಂಥವನೂ ಮುಂದೆ ಅರ್ಥಶಾಸ್ತ್ರದ ಮಾಸ್ತರನಾಗಿ, ಬೆಳಗಾವಿಯಿಂದ ಖಾನಾಪುರದ ಕಾಲೇಜಿಗೆ ದಿನಾ ಬಸ್ಸು ಹತ್ತುತ್ತಾನೆ. ಪೀರನವಾಡಿ ದಾಟಿದರೆ ಮಚ್ಛೆ. ಅಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 'ಜ್ಞಾನ ಸಂಗಮ'. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸುವ ವಿಶ್ವವಿದ್ಯಾಲಯ ಅದು. ಹುಟ್ಟಿದ್ದು 1998ರಲ್ಲಿ. ಅದೇ ವರ್ಷ ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಮ್ ನೂರಾರು ಅಧ್ಯಯನಗಳನ್ನು ಸೋಸಿ, ಪಾಠದ ನಡುನಡುವೆ ಮಕ್ಕಳ ಕಲಿಕೆಯನ್ನು ತಡವಿ ನೋಡಿ ಪಾಠವನ್ನೇ ತಿದ್ದಿಕೊಂಡರೆ ಲಾಭ ಬಹಳ ಎಂದು ಬರೆದರು. ನಮ್ಮ ಶಾಲೆಗಳಲ್ಲಿ ಅದರ ಹೆಸರು 'ರೂಪಣಾತ್ಮಕ ಮೌಲ್ಯಮಾಪನ'. ಆ ಹೆಸರನ್ನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಅರ್ಧ ತಾಸು ಮುಗಿಯುತ್ತದೆ.

ಖಾನಾಪುರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯೇ ಇದೆ. ಗಡಿಗೆ ಕೊಳ್ಳುವವರು ಬೆರಳಿನಿಂದ ಠಣ್ಣೆನಿಸಿ ನೋಡುತ್ತಾರಲ್ಲ, ಅದು ವಾರ್ಷಿಕ ಪರೀಕ್ಷೆ; ಬಿರುಕಿದ್ದರೆ ಪಕ್ಕಕ್ಕಿಡುವುದಷ್ಟೇ. ತಿಗರಿಯ ಮೇಲೆ ಹಸಿಮಣ್ಣು ತಿರುಗುವಾಗ ಕುಂಬಾರನ ಹೆಬ್ಬೆರಳಿಗೆ ಗೋಡೆ ಎಲ್ಲಿ ತೆಳುವಾಯಿತೆಂದು ತಿಳಿಯುತ್ತದೆ. ಆಗ ಇನ್ನೂ ಕೈಯಲ್ಲಿ ಉಪಾಯವಿದೆ.

2020ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಸರ್ಕಾರ ಲ್ಯಾಪ್‌ಟಾಪ್ ಹಂಚಿತು. ನಮ್ಮ ಹುಡುಗರು ಅದರಲ್ಲಿ ಸಿನಿಮಾ ನೋಡುತ್ತಾರೆಂದು ಗೊಣಗುವವರ ಸಾಲಿನಲ್ಲಿ ನಾನೇ ಮೊದಲಿಗ. ಒಂದು ದಿನ, ಆದದ್ದಾಗಲಿ ಎಂದು ಗೂಗಲ್ ಫಾರ್ಮಿನಲ್ಲಿ ಐದು ಪ್ರಶ್ನೆ ಕೂಡಿಸಿ ಕಳಿಸಿದೆ. ಹೆಸರು ಬರೆಯುವ ಜಾಗದಲ್ಲಿ ಒಬ್ಬ "ನಾನ ಸರ್" ಎಂದು ಬರೆದ. ಇಬ್ಬರು ಚಾರ್ಜರ್ ಹಿಡಿದು ಇದ್ದೊಂದು ಪ್ಲಗ್ಗಿಗೆ ಜಗಳಕ್ಕೆ ನಿಂತರು. ಎಲ್ಲ ತಣ್ಣಗಾಗಿ ಪರದೆಯ ಮೇಲೆ ಉತ್ತರಗಳ ಕಂಬಗಳು ಏಳತೊಡಗಿದವು. 'ಉಪ್ಪು ತುಟ್ಟಿಯಾದರೆ ಬೇಡಿಕೆ?' 38 ಮಂದಿಯಲ್ಲಿ 31 ಮಂದಿ 'ಬಹಳ ಇಳಿಯುತ್ತದೆ' ಎಂದಿದ್ದರು.

"ಏನ್ರೋ ಇದು?"

"ಬೆಲಿ ಏರಿದ್ರ ಬೇಡಿಕಿ ಇಳೀತೈತಿ ಅಂತ ನಿನ್ನಿ ನೀವ ಹೇಳೀರಲ್ರಿ ಸರ್."

ಹೌದು, ನಾನೇ ಹೇಳಿದ್ದೆ. ಯಾವುದರ ಬೇಡಿಕೆ ಎಷ್ಟು ಇಳಿಯುತ್ತದೆ ಎಂಬುದು ಬರುವಷ್ಟರಲ್ಲಿ ಗಂಟೆ ಬಾರಿಸಿತ್ತು. ನನ್ನ ಲೆಕ್ಕದಲ್ಲಿ ಮಾತ್ರ ಅಧ್ಯಾಯ ಮುಗಿದಿತ್ತು. ಆ ಕಂಬ ಹುಡುಗರದಲ್ಲ, ನನ್ನ ಅಂಕಪಟ್ಟಿ. ಮೊದಲಾಗಿದ್ದರೆ ಇದು ಮೂರು ತಿಂಗಳ ನಂತರ, ಉತ್ತರ ಪತ್ರಿಕೆಯ ಕಟ್ಟು ಬಿಚ್ಚಿದಾಗ ತಿಳಿಯುತ್ತಿತ್ತು. ತಪ್ಪೆಲ್ಲ ಅವರ ತಲೆಗೇ ಹೋಗುತ್ತಿತ್ತು.

"ಆಯ್ತು, ಬೆಳಗಾವಿ ಕುಂದಾ ತುಟ್ಟಿ ಆದ್ರ ತಿನ್ನೂದ ಬಿಡ್ತೀರಿ. ಉಪ್ಪು ತುಟ್ಟಿ ಆದ್ರ?"

"ಉಪ್ಪ ಬಿಡಾಕ ಬರಂಗಿಲ್ರಿ. ಕುಂದಾನೂ ಬಿಡಂಗಿಲ್ರಿ ಸರ್."

ಅರ್ಥಶಾಸ್ತ್ರ ಸೋತರೂ ವಿಷಯ ತಲೆಗೆ ಹೋಯಿತು. ಎರಡನೇ ಸಲ ಕಳಿಸಿದಾಗ ಕಂಬ ಆಚೆ ಬದಿಗೆ ಸರಿದಿತ್ತು.

ಮರುದಿನ ಹುರುಪಿನಿಂದ ಹತ್ತು ಪ್ರಶ್ನೆ ಸಿದ್ಧಮಾಡಿಕೊಂಡು ಹೋದೆ. ಖಾನಾಪುರದ ಮಳೆ, ಕರೆಂಟು ರಾತ್ರಿಯೇ ಹೋಗಿತ್ತು, ಲ್ಯಾಪ್‌ಟಾಪುಗಳೆಲ್ಲ ಕಪ್ಪು ಮುಖ ಮಾಡಿಕೊಂಡು ಕೂತಿದ್ದವು. ನೋಟುಬುಕ್ಕಿನ ಹಾಳೆ ಹರಿಯಲು ಹೇಳಿ, ಪ್ರಶ್ನೆ ಕೇಳಿ, ಟೇಬಲ್ಲಿಗೊಂದು ಏಟು ಹಾಕಿದೆ. ಹಾಳೆಗಳು ತಲೆಯ ಮೇಲೆ ಎದ್ದವು. ಕೊನೆಯ ಬೆಂಚಿನವನ ಹಾಳೆಯಲ್ಲಿ ಪಕ್ಕದವನ ಉತ್ತರವಿತ್ತು. ಕೆಳಗೆ ಪಕ್ಕದವನ ಹೆಸರೂ ಇತ್ತು.